ಶಿಕ್ಷಕರಿಲ್ಲ

ಹುಲಿಗೆಮ್ಮ ಟೀಚರ್ ಒಬ್ಬರೇ ಐದು ತರಗತಿ ನೋಡಿಕೊಳ್ಳುತ್ತಿದ್ದರು. ಇನ್ನಿಬ್ಬರು ಶಿಕ್ಷಕರನ್ನು ಕೊಡಿ ಎಂದು ಎಷ್ಟು ಅರ್ಜಿ ಬರೆದರೂ, 'ನಿಮ್ಮಲ್ಲಿ ಶಿಕ್ಷಕರ ಕೊರತೆ ಇಲ್ಲ' ಎಂದೇ ಕಚೇರಿಯ ಉತ್ತರ. ಅಂಥ ಶಾಲೆಗೆ ಒಂದು ದಿನ ಆ ಕಚೇರಿಯ ಸಾಹೇಬರೇ ಶಿಕ್ಷಕರ ಮೌಲ್ಯಮಾಪನಕ್ಕೆ ಬಂದರು. ಅಂಕ ಕಡಿಮೆಯಾದರೆ ಶಾಲೆಯ ಅನುದಾನಕ್ಕೂ ಕತ್ತರಿ. ಅವರ ನಗು ನೋಡಿದಾಗಲೇ ಟೀಚರಿಗೆ ಗುಮಾನಿ ಬಂತು. ಇವರು ಪಾಠ ನೋಡಲು ಬಂದವರಲ್ಲ, ತಪ್ಪು ಹುಡುಕಲು ಬಂದವರು.

ಟೀಚರ್ ಐದನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದರು. ಸಾಹೇಬರು ಉಳಿದ ನಾಲ್ಕು ಕೋಣೆಗಳನ್ನು ಹೊಕ್ಕು ಬಂದು, ವರದಿಯಲ್ಲಿ ನಾಲ್ಕಕ್ಕೂ 'ಶಿಕ್ಷಕರಿಲ್ಲ' ಎಂದು ಬರೆದರು.

"ಇದಕ್ಕೇನಂತೀರಮ್ಮಾ?"

"ಖರೇನ ಬರದೀರಿ ಸರ್. ಸಹಿ ಮಾಡಿ, ಸೀಲು ಹಾಕಿ, ನನಗೊಂದು ಪ್ರತಿ ಕೊಡ್ರಿ."

ಇಷ್ಟು ಸುಲಭವಾಗಿ ಒಪ್ಪಿದ್ದು ಕಂಡು ಈಗ ಸಾಹೇಬರಿಗೇ ಅನುಮಾನ ಹತ್ತಿತು. ಆದರೂ ಸೀಲು ಒತ್ತಿ ಪ್ರತಿ ಕೊಟ್ಟರು. "ಇದು ನಿಮಗ್ಯಾಕೆ?"

"ಮೇಲಿನವರಿಗೆ ಕಳಸಾಕ ಸರ್. ನಾಲ್ಕು ತರಗತಿಗೆ ಶಿಕ್ಷಕರಿಲ್ಲ ಅಂತ ಈಗ ನಾನಲ್ಲ, ನಿಮ್ಮ ಕಚೇರೀನ ಹೇಳೈತಿ."

ಸಾಹೇಬರು ಗಡಬಡಿಸಿ ಕೈ ಚಾಚಿದರು. ಕಾಗದ ಆಗಲೇ ಟೀಚರ ಬೀರುವಿನೊಳಗೆ ಸೇರಿ ಬೀಗ ಬಿದ್ದಿತ್ತು.

ತಿಂಗಳೊಳಗೆ ಇಬ್ಬರು ಶಿಕ್ಷಕರು ಬಂದರು. ಸಾಹೇಬರು ಮಾತ್ರ ಆ ಊರಿನ ಕಡೆ ಮತ್ತೆ ತಲೆ ಹಾಕಲಿಲ್ಲ.