ಐದನೆಯ ಮನೆಯ ಭಿಕ್ಷೆ

ತುಂಗಭದ್ರೆಯ ದಡದ ಆ ಆಶ್ರಮದಲ್ಲಿ, ಎಲ್ಲ ಜೀವಗಳೂ ಒಂದಕ್ಕೊಂದು ಜೇನು ಎನ್ನುವ ಉಪನಿಷತ್ತಿನ ಮಧುವಿದ್ಯೆಯನ್ನು ಗುಟ್ಟಾಗಿಯೇ ಹೇಳಿಕೊಡುತ್ತಿದ್ದರು. ಒಬ್ಬ ಗುರು, ಒಬ್ಬ ಶಿಷ್ಯ. ಮೂರನೆಯ ಕಿವಿ ಇರಕೂಡದು. ಅದನ್ನು ಕಲಿಯುವ ದಿನಕ್ಕಾಗಿ ಶಿಷ್ಯ ಕೇದಾರ ಏಳು ವರ್ಷ ಕಾದಿದ್ದ.

ಜೇನಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದೇ ಇರಲಿಲ್ಲ. ದುಂಬಿಗಳ ದಂಡಿನಿಂದ ಅಸುರನನ್ನು ಕೊಂದ ಭ್ರಾಮರೀದೇವಿಯ ಕಥೆ, ದೂರದ ಈಜಿಪ್ಟಿನ ಅರಸರು ತಮ್ಮ ಹೆಸರಿನ ಜೊತೆ ಜೇನುನೊಣ ಕೆತ್ತಿಸುತ್ತಿದ್ದ ಸಂಗತಿ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಜೇನುನೊಣದಿಂದ ಕಚ್ಚಿಸಿಕೊಂಡದ್ದು ಮಾತ್ರ ಇಲ್ಲ, ಪಾಪ.

"ಇವತ್ತು ಊಟವಾದ ಮೇಲೆ ಹೇಳಿಕೊಡುತ್ತೇನೆ" ಎಂದರು ಗುರು ವಿಮಲಬೋಧರು.

ಆಶ್ರಮದವರ ಊಟವೆಂದರೆ ಮಧುಕರಿ. ದುಂಬಿ ಹೂವಿಂದ ಹೂವಿಗೆ ಹೋಗುವ ಹಾಗೆ ಐದು ಮನೆಗೆ ಹೋಗಬೇಕು, ಮನೆಗೊಂದು ತುತ್ತು ಬೇಡಿ ತಂದು ಉಣ್ಣಬೇಕು.

ಕೇದಾರ ಓಡೋಡಿ ಬಂದು ಜೋಳಿಗೆ ಇಳಿಸಿದ. ಗುರುಗಳು ಒಳಗೆ ನೋಡಿದರು.

"ನಾಲ್ಕೇ ಮನೆಯದಿದೆ."

"ಐದನೆಯ ಮನೆಗೆ ಬೀಗ ಹಾಕಿತ್ತು, ಗುರುಗಳೇ."

"ಕುಂಬಾರರ ತಿಪ್ಪವ್ವನ ಮನೆ?"

"ಅದನ್ನು ಬಿಟ್ಟು ಎಂಟು ದಿನವಾಯಿತು, ಬದಲಿಗೆ ಹೋಗುತ್ತಿದ್ದ ಮನೆಗೇ ಇವತ್ತು ಬೀಗ. ಗಂಡ ಸತ್ತ ಮೇಲೆ ಆಕೆಗೇ ಹೊಟ್ಟೆ ತುಂಬ ಊಟವಿಲ್ಲ. ದುಂಬಿ ಹೂವನ್ನು ನೋಯಿಸುವುದಿಲ್ಲ ಎಂದು ನೀವೇ ಹೇಳಿದ್ದಿರಿ."

ಗುರುಗಳು ಹಾಸಿದ್ದ ಎಲೆಯನ್ನು ಮಡಚಿಟ್ಟು, ಜೋಳಿಗೆ ಎತ್ತಿಕೊಂಡು ಎದ್ದರು.

"ನಡಿ."

ತಿಪ್ಪವ್ವ ಹೊಸ್ತಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಅರಿವೆಯಲ್ಲಿ ಸುತ್ತಿದ ಅರ್ಧ ರೊಟ್ಟಿ ಇತ್ತು. ಗುರುಗಳನ್ನು ಕಂಡು ಗಡಬಡಿಸಿ ಎದ್ದಳು.

"ದಿನಾ ಅರ್ಧಾ ರೊಟ್ಟಿ ತೆಗದಿಡ್ತೀನ್ರೀ ಅಪ್ಪಾರ. ಜೋಳಗಿ ಬರವಲ್ದು. ಗಂಡ ಹ್ವಾದ, ಗಡಗಿ ಮಾಡೂ ತಿಗರಿ ನಿಂತ್ ಹೋತು, ಓಣ್ಯಾಗಿನ ಮಂದಿ ಬರೂದ್ ಬಿಟ್ರು. ನೀವೂ ಬಿಟ್ರಿ ಅಂದ್ರ, ನಾನೂ ಸತ್ತೀನಿ ಅಂತ ತಿಳ್ಕೊಳ್ಳೇನ್ರೀ?"

ಕೇದಾರನಿಗೆ ತಲೆ ಎತ್ತಲಾಗಲಿಲ್ಲ. ಗುರುಗಳು ಜೋಳಿಗೆಯನ್ನು ಅವನ ಕೈಗೆ ಕೊಟ್ಟು ಹಿಂದೆ ಸರಿದರು.

"ಭವತಿ ಭಿಕ್ಷಾಂ ದೇಹಿ" ಎಂದು ಕೇದಾರ ಜೋಳಿಗೆ ಒಡ್ಡಿದ.

ತಿಪ್ಪವ್ವ ರೊಟ್ಟಿ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾಳೆ ಜಲ್ದಿ ಬಾ ತಮ್ಮಾ. ಬಿಸಿ ರೊಟ್ಟಿ ಕೊಡ್ತೀನಿ."

ಗುರುಗಳು ಆಕೆಗೆ ಕೈ ಮುಗಿದು ಹೊಳೆಯ ಕಡೆ ಹೊರಟರು.

ದಡದಲ್ಲಿ ಇಬ್ಬರೂ ಊಟಕ್ಕೆ ಕೂತರು. ರೊಟ್ಟಿ ಒಣಗಿತ್ತು, ನೀರಲ್ಲಿ ಅದ್ದಿ ತಿನ್ನಬೇಕಾಯಿತು. ಕೇದಾರ ಏಳು ವರ್ಷ ಬೇಡಿ ಉಂಡಿದ್ದ. ಕೊಟ್ಟವರ ಋಣ ಅವನ ಎದೆಗೆ ತಟ್ಟಿದ್ದು ಅವತ್ತೇ. ಒಂದೊಂದು ಮನೆಯ ಕೈಯೂ ನೆನಪಾಯಿತು. ಅಳು ಬಂತು, ಅತ್ತ.

"ಆಕೆಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ, ಗುರುಗಳೇ. ನನ್ನಂಥವನಿಗೆ ಇನ್ನು ಮಧುವಿದ್ಯೆ ಹೇಳಿಕೊಡುತ್ತೀರಾ?"

ವಿಮಲಬೋಧರು ಕೈ ತೊಳೆದುಕೊಂಡು ಬಂದು ಅವನ ಪಕ್ಕ ಕೂತರು.

"ದುಂಬಿ ಮುಟ್ಟದ ಹೂವಿನಲ್ಲಿ ಮಧು ಹಾಗೇ ಉಳಿಯುತ್ತದೆ, ಮಗು. ಕಾಯಿ ಮಾತ್ರ ಆಗುವುದಿಲ್ಲ."