ಬಸಲಿಂಗವ್ವ ಕೇಳಿದ ಸಿನಿಮಾ

"ನನ್ನಲ್ಲಿ ಏನು ಕೊರತೆ ಕಂಡಿರಿ, ಗುರುಗಳೇ?"

ಕೇಳಿದವನು ಅಡವಯ್ಯ. ಮಠದ ದಾಸೋಹ, ಅತಿಥಿಗಳ ವ್ಯವಸ್ಥೆ, ದನಕರುಗಳ ಆರೈಕೆ, ಮಕ್ಕಳ ಪಾಠ ಎಲ್ಲವನ್ನೂ ಅವನೊಬ್ಬನೇ ನೋಡಿಕೊಳ್ಳುತ್ತಿದ್ದ. ಆ ದಿನ ಬೆಳಿಗ್ಗೆ ಗುರುಗಳು ದಾಸೋಹವನ್ನೂ ಅತಿಥಿಗಳನ್ನೂ ಹೊಸದಾಗಿ ಬಂದ ನಿಜಗುಣನಿಗೆ ಒಪ್ಪಿಸಿದ್ದರು. ಅಡವಯ್ಯನಿಗೆ ಅದು ಚುಚ್ಚಿತ್ತು.

"ಕೂತುಕೋ," ಎಂದರು ಗುರುಗಳು. "ಒಬ್ಬ ವರ್ತಕನ ಕತೆ ಹೇಳುತ್ತೇನೆ."

ಗದಗಿನಲ್ಲಿ ಮಹಾರುದ್ರಪ್ಪ ಎಂಬ ಪಾತ್ರೆ ವ್ಯಾಪಾರಿ ಇದ್ದ. ಅವನನ್ನು ತಾಯಿಯಂತೆ ಸಾಕಿದವಳು ಅಕ್ಕ ಬಸಲಿಂಗವ್ವ. ಅವಳಿಗೆ ಸಿನಿಮಾ ಎಂದರೆ ಪ್ರಾಣ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಟಾಕೀಸಿಗೆ ಹೋಗುತ್ತಿದ್ದಳು. ವಯಸ್ಸಾದ ಮೇಲೆ ಅವಳ ಕಣ್ಣು ಹೋದವು. ಅಂದಿನಿಂದ ಅವಳು ಸಿನಿಮಾದ ಮಾತೇ ಎತ್ತಲಿಲ್ಲ.

ವರ್ತಕನಿಗೆ ಇದು ಸಹಿಸಲಾಗಲಿಲ್ಲ. ಕಣ್ಣು ಹೋದರೇನು, ಕಿವಿ ಇದೆಯಲ್ಲ ಎಂದುಕೊಂಡ. ಮಹಡಿಯ ಕೋಣೆಯಲ್ಲಿ ಅಕ್ಕನಿಗಾಗಿ ಹೋಮ್ ಥಿಯೇಟರ್ ಮಾಡಿಸಿದ. ಎದುರಿಗೆ ಆಳೆತ್ತರದ ಎರಡು ಸ್ಪೀಕರು, ನಡುವೆ ಒಂದು, ಪಕ್ಕದಲ್ಲಿ, ಹಿಂದೆ ಇನ್ನಷ್ಟು. ಇವೆಲ್ಲಕ್ಕೂ ಯಜಮಾನ ರಿಸೀವರ್ ಎಂಬ ಒಂದು ಪೆಟ್ಟಿಗೆ. ಸಿನಿಮಾದ ಧ್ವನಿಯನ್ನು ಬಿಡಿಸಿ, ಯಾವ ಸದ್ದು ಯಾವ ಸ್ಪೀಕರಿಗೆ ಹೋಗಬೇಕೆಂದು ಹಂಚುವುದು ಅದರ ಕೆಲಸ. ಹಂಚಿದ ಸದ್ದಿಗೆ ಬಲ ತುಂಬಿ ಅಷ್ಟೂ ಸ್ಪೀಕರುಗಳನ್ನು ನುಡಿಸುವುದೂ ಅದರದೇ ಕೆಲಸ. ಅಂಗಡಿಯಲ್ಲಿದ್ದ ರಿಸೀವರುಗಳಲ್ಲೇ ದೊಡ್ಡದನ್ನು ಅವನು ಆರಿಸಿ ತಂದಿದ್ದ. ಬಂದವರಿಗೆಲ್ಲ ಅದನ್ನು ತೋರಿಸಿ ಹೇಳುತ್ತಿದ್ದ, "ಎಲ್ಲಾ ಇದೊಂದ ಮಾಡತೈತಿ."

ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಕೈಹಿಡಿದು ಮಹಡಿ ಹತ್ತಿಸಿದ. ಸಿನಿಮಾ ಶುರುವಾಯಿತು. ಅದರಲ್ಲಿ ಹೊಳೆಗೆ ಪ್ರವಾಹ ಬರುತ್ತದೆ. ನಡುಗಡ್ಡೆಯಲ್ಲಿ ಒಬ್ಬ ಹುಡುಗಿ ಸಿಕ್ಕಿಬಿದ್ದಿದ್ದಾಳೆ. ನೀರು ಏರುತ್ತಿದೆ, ಅವಳು ಕೂಗುತ್ತಿದ್ದಾಳೆ.

"ತಮ್ಮಾ, ಸದ್ದು ಭಾಳ ಐತಿ," ಎಂದಳು ಅಕ್ಕ. "ಆದರ ಆ ಹುಡುಗಿ ಏನಂತಾಳ ತಿಳೀವಲ್ದು."

ತಮ್ಮ ಸದ್ದನ್ನು ಇನ್ನೂ ಏರಿಸಿದ. ಪ್ರವಾಹ ಮೊರೆಯಿತು. ಹುಡುಗಿ ಒಮ್ಮೆ ಚೀರಿದಳು. ಟಕ್ ಎಂದಿತು ರಿಸೀವರ್. ಕೋಣೆ ಮೂಕವಾಯಿತು.

ಅವನು ಓಡಿಹೋಗಿ ಪೆಟ್ಟಿಗೆಯನ್ನು ಮುಟ್ಟಿ ಕೈ ಹಿಂದೆಗೆದ. ಅದು ರೊಟ್ಟಿ ಹಂಚಿನಂತೆ ಕಾದಿತ್ತು. ಫ್ಯಾನು ಇಟ್ಟ, ಕಾದ, ಮತ್ತೆ ಹಾಕಿದ. ಅದೇ ಜಾಗಕ್ಕೆ ಬಂದೊಡನೆ ಮತ್ತೆ ಟಕ್.

"ಆ ಹುಡುಗಿ ಉಳದಳೋ ಇಲ್ಲೋ?" ಅಕ್ಕ ಕೇಳಿದಳು. ತಮ್ಮ ಮತ್ತೆ ಮತ್ತೆ ಗುಂಡಿ ಒತ್ತಿದ. ಅವಳು ಅವನ ಕೈ ಸವರಿ, "ಇರಲಿ ಬಿಡು, ಕೇಳಿದಷ್ಟು ಸಾಕು. ಕೆಳಗ ಕರಕೊಂಡು ನಡಿ," ಎಂದಳು.

ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವನಿಗೆ ಹುಬ್ಬಳ್ಳಿಯಲ್ಲಿ ಜಿನದತ್ತ ಎಂಬ ಸ್ನೇಹಿತನಿದ್ದ. ಸೀರೆ ವ್ಯಾಪಾರ, ಸಂಗೀತದ ಹುಚ್ಚು. ಫೋನಿನಲ್ಲಿ ವಿಷಯ ಕೇಳಿದವನೇ ನಕ್ಕ. "ರಿಸೀವರ್ ಕೆಟ್ಟಿಲ್ಲ, ದಣದೈತಿ. ನಿನ್ನ ಮುಂದಿನ ಎರಡು ಸ್ಪೀಕರ್ ಅದರ ಬಲಾನೆಲ್ಲ ಕುಡೀತಾವು. ಬರೇ ಬಲ ತುಂಬೂ ಬ್ಯಾರೆ ಪೆಟ್ಟಿಗಿ, ಪವರ್ ಆಂಪ್ಲಿಫೈಯರ್ ಅಂತಾರ, ಅದನ್ನ ಹಚ್ಚು, ಆ ಎರಡನ್ನ ಅದಕ್ಕ ಕೊಡು."

ವರ್ತಕ ಸಿಟ್ಟಾದ. ಊರಿಗೆಲ್ಲ ತೋರಿಸಿದ ಪೆಟ್ಟಿಗೆಗೆ ಈಗ ಊರುಗೋಲು ಕೊಡಬೇಕೇ? ಬೇಡ ಎಂದು ಫೋನಿಟ್ಟ. ಪೆಟ್ಟಿಗೆಯ ಜಾಗ ಬದಲಿಸಿದ. ಎರಡು ಫ್ಯಾನು ಕೂರಿಸಿದ. ತಂತಿಗಳನ್ನೆಲ್ಲ ಹೊಸದಾಗಿ ಹಾಕಿಸಿದ. ಅಕ್ಕನನ್ನು ಮತ್ತೆ ಮೇಲಕ್ಕೆ ಕರೆದ. "ಇವತ್ತು ಕಾಲು ನೋಯತೈತಿ," ಎಂದಳು ಅವಳು. ಕಾಲು ನೋಯುತ್ತಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಹುಡುಗಿ ಮತ್ತೆ ಅರ್ಧದಲ್ಲೇ ಮುಳುಗುವುದು ಅವಳಿಗೆ ಬೇಡವಾಗಿತ್ತು.

ಅಂದೇ ಅವನು ಜಿನದತ್ತನಿಗೆ ಫೋನು ಮಾಡಿದ. "ಬಾರಪಾ," ಎಂದ, ಅಷ್ಟೇ.

ಜಿನದತ್ತ ಮರುದಿನವೇ ಕಾರಿನಲ್ಲಿ ಬಂದ. ತನ್ನ ಮನೆಯಲ್ಲಿದ್ದ ಪವರ್ ಆಂಪ್ಲಿಫೈಯರನ್ನೇ ತಂದಿದ್ದ. ಅದು ಕಲ್ಲಿನಷ್ಟು ಭಾರ. ಇಬ್ಬರೂ ಏದುಸಿರು ಬಿಡುತ್ತ ಮಹಡಿಗೆ ಹೊತ್ತರು. ಕರೆಂಟು ತೆಗೆದು, ಟಾರ್ಚು ಹಿಡಿದು, ನೆಲದ ಮೇಲೆ ಬೋರಲು ಮಲಗಿ ಪೆಟ್ಟಿಗೆಗಳ ಹಿಂದೆ ತೂರಿಕೊಂಡರು. ನರೆತ ತಲೆಯ ಇಬ್ಬರೂ ಗೋಲಿಯಾಡುವ ಹುಡುಗರ ಹಾಗೆ ಜಗಳವಾಡಿದರು, ನಕ್ಕರು.

ರಿಸೀವರಿನ ಬೆನ್ನಿನಲ್ಲಿ, ಸದ್ದನ್ನು ಬಲ ತುಂಬದೆ ಹೊರಗೆ ಕೊಡುವ ಕಿಂಡಿಗಳಿದ್ದವು. ಅಲ್ಲಿಂದ ಹೊಸ ಪೆಟ್ಟಿಗೆಗೆ ತಂತಿ ಹಾಕಿದರು. ಹೊಸ ಪೆಟ್ಟಿಗೆಯಿಂದ ಮುಂದಿನ ಎರಡು ಸ್ಪೀಕರುಗಳಿಗೆ ತಂತಿ ಎಳೆದರು.

"ಹಂಗಾದ್ರ ಇದಕ್ಕೇನು ಕೆಲಸ ಉಳೀತು?" ವರ್ತಕ ರಿಸೀವರಿನ ಮೇಲೆ ಕೈಯಿಟ್ಟು ಕೇಳಿದ.

"ಭಾರ ಹೋತು, ಯಜಮಾನಿಕಿ ಅಲ್ಲ. ಯಾವ ಸದ್ದು ಎಲ್ಲಿ, ಎಷ್ಟು ಅನ್ನೂದು ಈಗೂ ಇದರ ಕೈಯಾಗ ಐತಿ. ನೋಡು, ಆ ಪೆಟ್ಟಿಗಿಗೆ ಸದ್ದು ಏರಸೂ ಗುಂಡಿನ ಇಲ್ಲ."

ಕರೆಂಟು ಹಾಕಿ, ಪರೀಕ್ಷೆಗೆಂದು ಒಂದು ಹಾಡು ಹಾಕಿದರು. ಹಿಂದಿನ ಸ್ಪೀಕರುಗಳು ನುಡಿದವು. ಮುಂದಿನ ಎರಡೂ ಮೂಕ. ಮತ್ತೆ ಎಲ್ಲ ಆರಿಸಿ, ಮತ್ತೆ ತೂರಿ ನೋಡಿದರು. ಜಿನದತ್ತ ಗಡಿಬಿಡಿಯಲ್ಲಿ ತಂತಿಗಳನ್ನು ಪಕ್ಕದ ಸಾಲಿನ ಕಿಂಡಿಗೆ ಸಿಕ್ಕಿಸಿದ್ದ. ಸರಿಮಾಡಿದರು. ಈ ಸಲ ಆಳೆತ್ತರದ ಸ್ಪೀಕರುಗಳಿಂದ ತಬಲದ ಪೆಟ್ಟು ಬಿತ್ತು ನೋಡು, ಕಿಟಕಿಯ ಗಾಜು ನಡುಗಿತು! ಇಬ್ಬರೂ "ಹೋ!" ಎಂದು ಕೂಗಿಬಿಟ್ಟರು.

ಕೆಳಗಿನಿಂದ ದನಿ ಬಂತು. "ಏನೋ ಅದು?"

ತಮ್ಮ ಮೆಟ್ಟಿಲಿಳಿದು ಓಡಿದ. "ಅಕ್ಕಾ, ಬಾ! ಕಾಲು ನೋಯ್ತಿದ್ರ ಹೊತಗೊಂಡು ಹೋಗ್ತೀನಿ!"

ಬಸಲಿಂಗವ್ವ ನಗುತ್ತ ತಾನೇ ಹತ್ತಿ ಬಂದಳು.

ಸಿನಿಮಾ ಶುರುವಾಯಿತು. ತಮ್ಮ ಸದ್ದನ್ನು ಏರಿಸಲಿಲ್ಲ, ಏರಿಸುವ ಅಗತ್ಯವೇ ಬೀಳಲಿಲ್ಲ. ಪ್ರವಾಹ ಬಂತು. ನೆಲವೇ ಅದುರಿದಂತೆ ನೀರು ಮುಂದಿನಿಂದ ನುಗ್ಗಿತು. ಆ ಮೊರೆತದ ನಡುವೆ ಹುಡುಗಿಯ ಮಾತು ಒಂದೊಂದೇ ಅಕ್ಷರವಾಗಿ ಕೇಳಿತು. "ಅಣ್ಣನ ಹೆಸರು ಕರೀಲಿಕ್ಕತ್ತಾಳ," ಎಂದಳು ಅಕ್ಕ. ಕುರ್ಚಿಯ ತುದಿಗೆ ಜರುಗಿದಳು. ಟಕ್ ಎಂದು ನಿಲ್ಲುವ ಜಾಗ ಹತ್ತಿರವಾಯಿತು. ಹುಡುಗಿ ಚೀರಿದಳು. ಸದ್ದು ನಿಲ್ಲಲಿಲ್ಲ!

ಆಗ ಬಸಲಿಂಗವ್ವ ತಟ್ಟನೆ ಬಲಕ್ಕೆ, ಹಿಂದಕ್ಕೆ ತಲೆ ತಿರುಗಿಸಿದಳು.

"ದೋಣಿ! ಹಿಂದ ದೋಣಿ ಬರಾಕತೈತಿ!"

ಪರದೆಯ ಮೇಲೆ ನೀರಲ್ಲದೆ ಏನೂ ಇರಲಿಲ್ಲ. ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅವರಿಗೂ ಕೇಳಿತು. ಹಿಂದಿನ ಮೂಲೆಯಿಂದ ಹುಟ್ಟಿನ ಸದ್ದು. ಮೆಲ್ಲಗೆ, ಚಪಕ್ ಚಪಕ್. ಅಕ್ಕ ಎದ್ದು ನಿಂತಳು. "ಅಲ್ಲೇ ಹಿಡಕೋ ಮಗಳ! ಕೈ ಬಿಡಬ್ಯಾಡ, ಬಂದಾರ!" ಎಂದು ಕೂಗಿದಳು. ಅವಳು ಕೂಗಿ ಮುಗಿಸುವಷ್ಟರಲ್ಲಿ ಪರದೆಯ ಬಲಗಡೆಯಿಂದ ದೋಣಿಯ ಮೂತಿ ಕಾಣಿಸಿತು. ಮೂವರೂ ಒಟ್ಟಿಗೆ ಚೀರಿದರು. ಕಣ್ಣಿದ್ದವರಿಗಿಂತ ಮೊದಲು ಅವಳು ನೋಡಿದ್ದಳು. ತಮ್ಮನ ಕುತ್ತಿಗೆ ತಬ್ಬಿಕೊಂಡು, "ಉಳದಳೋ, ಉಳದಳು!" ಎಂದು ಅತ್ತಳು, ನಕ್ಕಳು.

ಸಿನಿಮಾ ಮುಗಿದ ಮೇಲೆ ವರ್ತಕ ರಿಸೀವರನ್ನು ಮುಟ್ಟಿ ನೋಡಿದ. ಅದು ಹಾಲು ಕಾಯಿಸಿ ಆರಿಸಿದಷ್ಟೇ ಬೆಚ್ಚಗಿತ್ತು. ಆ ಹುಟ್ಟಿನ ಸದ್ದನ್ನು ನುಡಿಸಿದ್ದು ಹೊಸ ಪೆಟ್ಟಿಗೆಯಲ್ಲ. ಹಿಂದಿನ ಸ್ಪೀಕರುಗಳು ಈಗಲೂ ರಿಸೀವರಿನವೇ. ಅಷ್ಟು ನವಿರಾದ ಸದ್ದು ಅದರಲ್ಲಿ ಮೊದಲಿನಿಂದಲೂ ಇತ್ತು. ಭಾರ ಹೊತ್ತು ಏದುಸಿರು ಬಿಡುವಾಗ ಅದು ಯಾರಿಗೂ ಕೇಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯ ತಲೆ ತಗ್ಗಿಸಿಕೊಂಡೇ ಕೇಳಿದ. "ಹಾಗಾದರೆ ನಿಜಗುಣ ನನಗಿಂತ ಬಲವಂತನೆಂದು ಹೇಳುತ್ತೀರಾ?"

"ಹಾಡುತ್ತೀಯೆಂದು ನಿನ್ನನ್ನು ಈ ಮಠಕ್ಕೆ ಕರೆತಂದೆ, ಅಡವಯ್ಯ; ನೀನು ಹಾಡಿದ್ದನ್ನು ಕೇಳಿ ಎಷ್ಟು ಕಾಲವಾಯಿತು?"