ಬಿಸಿಲು ತಡೆಯುವ ಕಿಟಕಿ

ಶಿಷ್ಯ ಕೇಳಿದ: “ಗುರುಗಳೇ, ಈಗ ಯಾರ ಮಾತೂ ನನ್ನನ್ನು ಸುಡುವುದಿಲ್ಲ. ತಾಪ ತಾಗುವ ಮೊದಲೇ ಮನಸ್ಸನ್ನು ಮುಚ್ಚಿಕೊಳ್ಳಲು ಕಲಿತಿದ್ದೇನೆ. ಇನ್ನು ಕಲಿಯುವುದು ಏನು ಉಳಿದಿದೆ?”

ಗುರು ಹೇಳಿದರು:

ಬಿಸಿಲ ನಾಡಿನ ಊರೊಂದರಲ್ಲಿ ಒಂದು ಆಸ್ಪತ್ರೆ ಇತ್ತು. ಬೇಸಿಗೆಯಲ್ಲಿ ಅದರ ದೊಡ್ಡ ಕಿಟಕಿಗಳಿಂದ ಕಾವು ನುಗ್ಗಿ ರೋಗಿಗಳು ಬೆಂದುಹೋಗುತ್ತಿದ್ದರು. ತಂಪು ಮಾಡುವ ಯಂತ್ರಗಳು ಹಗಲೆಲ್ಲ ಓಡಿದರೂ ಸಾಲುತ್ತಿರಲಿಲ್ಲ. ಕರೆಂಟು ಹೋದರೆ ಅವೂ ಇಲ್ಲ.

ಅದೇ ಊರಿನ ಒಬ್ಬ ಸಂಶೋಧಕಿ ಇದಕ್ಕೊಂದು ಗಾಜು ಮಾಡಲು ಹೊರಟಳು. ಬಿಸಿಲು ಏರಿದರೆ ಅದು ತಾನಾಗಿ ಹಾಲಿನಂತೆ ಬೆಳ್ಳಗಾಗಿ ಕಾವನ್ನು ತಡೆಯಬೇಕು, ಬಿಸಿಲು ಇಳಿದರೆ ತಿಳಿಯಾಗಬೇಕು. ಗಾಜಿಗೆ ಬಳಿದ ಲೇಪ ಬಿರುಕು ಬಿಟ್ಟಿತು. ಕಲೆಗಟ್ಟಿತು. ಒಮ್ಮೆ ಬೆಳ್ಳಗಾದದ್ದು ಮತ್ತೆ ತಿಳಿಯಾಗಲೇ ಇಲ್ಲ. ಅವಳು ಕೈಬಿಡಲಿಲ್ಲ. ಹಲವು ವರ್ಷಗಳ ಮೇಲೆ ಗಾಜು ಅವಳ ಮಾತು ಕೇಳಿತು.

ಹೊಸ ಕಿಟಕಿಗಳು ಬಂದವು. ನಡುಹಗಲಲ್ಲೂ ವಾರ್ಡು ತಂಪಾಯಿತು. ಯಂತ್ರಗಳು ಸುಮ್ಮನಾದವು. ರೋಗಿಗಳು ಮಧ್ಯಾಹ್ನ ನಿದ್ದೆ ಮಾಡಿದರು. ಅವಳು ಆಸ್ಪತ್ರೆಯವರ ಅನುಮತಿ ಪಡೆದು, ಮುಖಗವಸು ತೊಟ್ಟು ಮಂಚದಿಂದ ಮಂಚಕ್ಕೆ ಹೋಗಿ ವಿಚಾರಿಸಿದಳು. ಎಲ್ಲರೂ ಹರಸಿದರು. ಕಿಟಕಿಯ ಪಕ್ಕದ ಮುದುಕನೊಬ್ಬ ಮಾತ್ರ ಬೆಳ್ಳಗಾದ ಗಾಜನ್ನೇ ನೋಡುತ್ತಿದ್ದ.

“ಯಾಕಜ್ಜ, ಇನ್ನೂ ಸೆಕೆಯೇ?” ಎಂದು ಕೇಳಿದಳು.

“ಇಲ್ಲ ತಾಯಿ, ತಂಪಾಗಿದೆ. ಈ ವಾರ್ಡಿನವರದ್ದೆಲ್ಲ ಅಂಟುವ ಕಾಯಿಲೆ. ನನ್ನಾಕೆಯನ್ನು ಒಳಗೆ ಬಿಡುವುದಿಲ್ಲ. ಮಧ್ಯಾಹ್ನ ಬಾಗಿಲಲ್ಲಿ ಬುತ್ತಿ ಕೊಟ್ಟು, ನಾನು ಉಂಡು ಮುಗಿಸುವವರೆಗೆ ಹೊರಗಿನ ಆ ಬೇವಿನ ಮರದ ಕೆಳಗೆ ನಿಂತಿರುತ್ತಾಳೆ. ಈಗ ಆ ಹೊತ್ತಿಗೆ ಕಿಟಕಿ ಬೆಳ್ಳಗಾಗಿರುತ್ತದೆ.”

ಅವಳು ಕಿಟಕಿಯನ್ನು ನೋಡಿದಳು. ಅದರಲ್ಲಿ ಒಂದು ದೋಷವೂ ಇರಲಿಲ್ಲ. ತಾನು ಬಯಸಿದ್ದನ್ನೇ ಅದು ಮಾಡುತ್ತಿತ್ತು. ಆದರೂ ಮನೆಗೆ ಹೋದವಳಿಗೆ ಅನ್ನ ರುಚಿಸಲಿಲ್ಲ. ಮತ್ತೆ ಕೆಲಸಕ್ಕೆ ಕೂತು, ಕೆಲವು ವಾರಗಳಲ್ಲಿ ಪ್ರತಿ ಮಂಚದ ಬಳಿ ಒಂದು ಗುಂಡಿ ಇರಿಸಿದಳು. ರೋಗಿ ಅದನ್ನು ಒತ್ತಿದರೆ ಬಿಸಿಲಿದ್ದರೂ ಅವನ ಪಕ್ಕದ ಗಾಜು ಮಾತ್ರ ತಿಳಿಯಾಗುತ್ತಿತ್ತು.

ಮರುದಿನ ಮಧ್ಯಾಹ್ನ ಮುದುಕ ಬುತ್ತಿ ಬಿಚ್ಚಿ ಗುಂಡಿ ಒತ್ತಿದ. ಬಿಸಿಲು ಮಂಚದ ಮೇಲೆ ಬಿತ್ತು. ಮರದ ಕೆಳಗಿದ್ದ ಹೆಂಡತಿ ಕೈ ಎತ್ತಿದಳು. ಅವನು ಬೆವರುತ್ತ, ನಿಧಾನವಾಗಿ, ಒಂದಗುಳೂ ಬಿಡದೆ ಉಂಡ. ಆಕೆ ಹೊರಟ ಮೇಲೆ ತಾನೇ ಮತ್ತೆ ಗುಂಡಿ ಒತ್ತಿ ಕಿಟಕಿ ಮುಚ್ಚಿ ಮಲಗಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಂಶೋಧಕಿ ನೆಮ್ಮದಿಯಿಂದ ಮನೆಗೆ ಹೋದಳು.

ಕತೆ ಮುಗಿಯಿತು. ಶಿಷ್ಯ ಕೇಳಿದ: “ಆದರೆ ಗುರುಗಳೇ, ಅಷ್ಟು ಹೊತ್ತು ಬಿಸಿಲು ಒಳಗೆ ಬಂತಲ್ಲ?”

“ಬಂತು,” ಎಂದರು ಗುರು, “ಅದರ ಜೊತೆಗೇ ಆಕೆಯೂ ಬಂದಳು.”